ಆಲೆಮನೆ ಮಕ್ಕಳೂ ಸೇರುವ ಹಾಗೆ ಬೇಸಿಗೆ ಶಿಬಿರ ಮಾಡಬೇಕು. ನಾಟಕ ಮಾಡಿಸಲಾ, ಗೋಡೆ ಚಿತ್ರ ಬರೆಸಲಾ?

ಬೀಗದಕೈ ಅಕ್ಕ (ಪಾಂಡವಪುರ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಪಂಚಾಯ್ತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಊರಿನವರಿಗೆ ಇವತ್ತಿಗೂ ಅದು ಲೈಬ್ರರಿಯೇ. 2020ರಲ್ಲಿ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತಲ್ಲ, ಅಲ್ಲಿಂದ ಮಕ್ಕಳು ಜಾಸ್ತಿ ಬರುತ್ತಾರೆ. ಸಂಜೆ ಹೊತ್ತು ಕೂರಲು ಜಾಗ ಸಾಲುವುದಿಲ್ಲ.

ಜಾಗ ಸಾಲುವುದಿಲ್ಲ ಅಂದೆ. ಆದರೂ ಒಂದು ಬೆಂಚು ಮಾತ್ರ ಯಾವಾಗಲೂ ಅರ್ಧ ಖಾಲಿ. ಅದು ಕಾಲೋನಿ ಮಕ್ಕಳು ಕೂರುವ ಬೆಂಚು. ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಹಾಗೇ ನಡೆದುಕೊಂಡು ಹೋಗುತ್ತಿದೆ. ಮುಸ್ಲಿಮರ ಬೀದಿಯ ಹುಡುಗಿಯರು ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತಾರೆ. ಊರಾಚೆ ಎರಡು ಆಲೆಮನೆ ಇವೆ. ಅಲ್ಲಿ ಉತ್ತರ ಪ್ರದೇಶದಿಂದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅವರ ಮಕ್ಕಳು ಕಿಟಕಿ ತನಕ ಬರುತ್ತಾರೆ, ಒಳಗೆ ಬನ್ನಿ ಅಂದರೆ ಓಡಿಬಿಡುತ್ತಾರೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯವರು ಗುಡಿಸಲು ಹಾಕುತ್ತಾರೆ. ಆ ಮಕ್ಕಳು ಇವತ್ತು ಇದ್ದರೆ ನಾಳೆ ಇಲ್ಲ. ಇನ್ನು ಐದನೇ ಕ್ಲಾಸಿನ ಒಬ್ಬಳಿಗೆ ಕಿವಿ ಅಷ್ಟಾಗಿ ಕೇಳುವುದಿಲ್ಲ, ಮಿಷನ್ ಹಾಕಿಕೊಳ್ಳುತ್ತಾಳೆ. ತುಂಬಾ ಚೂಟಿ ಹುಡುಗಿ.

ಹೋದ ವರ್ಷ ಪೇಟೆಯಿಂದ ಒಂದು ಸಂಸ್ಥೆಯವರು ಬಂದು ಭಾವೈಕ್ಯದ ಕಾರ್ಯಕ್ರಮ ಮಾಡಿದರು. ಒಬ್ಬನಿಗೆ ಪಂಚೆ, ಒಬ್ಬನಿಗೆ ಟೋಪಿ, ಒಬ್ಬನ ಕೊರಳಿಗೆ ಶಿಲುಬೆ. ನಮ್ಮೂರಲ್ಲಿ ಒಂದೇ ಒಂದು ಕ್ರೈಸ್ತರ ಮನೆಯೂ ಇಲ್ಲ! ಆಲೆಮನೆ ಮಕ್ಕಳ ಕೈಗೆ ಕಾಗದದ ಬಾವುಟ ಕೊಟ್ಟು ಫೋಟೋಗೆ ಮುಂದೆ ಕೂರಿಸಿದರು. ಕಿವಿ ಕೇಳದ ಹುಡುಗಿಗೆ ಮರದ ಪಾತ್ರ. ಫೋಟೋ ಚೆನ್ನಾಗಿ ಬಂತು. ಮಾರನೇ ದಿನ ನೋಡಿದರೆ ಬೆಂಚು ಮತ್ತೆ ಹಾಗೇ.

ಈ ಬೇಸಿಗೆಯಲ್ಲಿ ನಾನೇ ಏನಾದರೂ ಮಾಡೋಣ ಅಂತಿದ್ದೇನೆ. ಪಂಚಾಯ್ತಿಯವರು ಸ್ವಲ್ಪ ದುಡ್ಡು ಕೊಡುತ್ತಾರೆ, ಬಹಳ ಅಲ್ಲ. ನಾಟಕವಾದರೆ ಯಾವ ಭಾಷೆಯಲ್ಲಿ? ನಡುವೆ ಊರು ಬಿಟ್ಟು ಹೋಗುವ ಮಕ್ಕಳಿಗೆ ಯಾವ ಪಾತ್ರ ಕೊಡಲಿ? ಕೆಲವು ತಾಯಂದಿರು "ಎಲ್ಲರ ಜೊತೆ ಕೂರಿಸಬೇಡಿ ಮೇಡಂ" ಅಂತ ಮೆಲ್ಲಗೆ ಹೇಳಿ ಹೋಗುತ್ತಾರೆ. ಅವರಿಗೆ ಏನು ಹೇಳಲಿ? ಅನುಭವ ಇರುವವರು ತಿಳಿಸಿ.

ನೇಪಥ್ಯದವಳು (ಮೈಸೂರು):

ಅಕ್ಕ, ಮರದ ಪಾತ್ರ ಅಂತ ಓದಿ ಸಿಟ್ಟೂ ಬಂತು, ನಗುವೂ ಬಂತು. ನಾಟಕಗಳಿಗೆ ಬಟ್ಟೆ ಹೊಲಿದು, ಮುಖವಾಡ ಮಾಡಿ ಅರ್ಧ ಆಯಸ್ಸು ಕಳೆದವಳು ನಾನು. ಮಕ್ಕಳ ನಾಟಕಕ್ಕೆ ನಾನು ಹೊಲಿದಷ್ಟು ಮರಗಳನ್ನು ಯಾವ ವನಮಹೋತ್ಸವದಲ್ಲೂ ನೆಟ್ಟಿರಲಿಕ್ಕಿಲ್ಲ. ಹಸಿರು ಬಟ್ಟೆಗೆ ಅಳತೆ ತೆಗೆಯುವಾಗಲೇ ಗೊತ್ತಾಗಿಬಿಡುತ್ತದೆ, ಈ ಮಗುವಿನ ಜೊತೆ ಯಾರೂ ಸರಿಯಾಗಿ ಮಾತಾಡಿಲ್ಲ ಅಂತ. ಉಗ್ಗುವ ಹುಡುಗ, ಕನ್ನಡ ಬಾರದ ಹುಡುಗಿ, ತಡವಾಗಿ ಸೇರಿದವರು, ಎಲ್ಲರೂ ಮರ.

ನನ್ನ ಓಟು ನಾಟಕಕ್ಕೆ. ಗೋಡೆ ಚಿತ್ರದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಕಲಾವಿದರೊಬ್ಬರು ಬಂದು ಗೆರೆ ಹಾಕುತ್ತಾರೆ, ಮಕ್ಕಳು ಒಳಗೆ ಬಣ್ಣ ತುಂಬುತ್ತಾರೆ. ಅದು ಕೂಲಿ. ಗೆರೆಯನ್ನೂ ಮಕ್ಕಳೇ ಹಾಕುವ ಹಾಗಿದ್ದರೆ ಮಾಡಿಸಿ.

ಆದರೆ ಐಕ್ಯತೆ ಮೇಲೆ ಮಾತ್ರ ನಾಟಕ ಬೇಡ, ದಯವಿಟ್ಟು. "ನಾವೆಲ್ಲ ಒಂದೇ" ಅಂತ ಮಕ್ಕಳ ಬಾಯಲ್ಲಿ ಹೇಳಿಸಬೇಕಾದರೆ, ಯಾರ್ಯಾರು ಬೇರೆ ಅಂತ ಮೊದಲು ಗುರುತು ಹಚ್ಚಿ ನಿಲ್ಲಿಸಬೇಕಾಗುತ್ತದೆ. ಟೋಪಿ ಹುಡುಕಿ ತರುವುದು ಅದಕ್ಕೇ. ಆಲೆಮನೆ ಹುಡುಗನಿಗೆ ಆಲೆಮನೆ ಹುಡುಗನ ಪಾತ್ರ ಕೊಟ್ಟು "ನಿನ್ನ ಕಷ್ಟ ಹೇಳು" ಅನ್ನುವುದೂ ಅದೇ ಜಾತಿಯದು. ಬೆಳಗಿಂದ ಅದೇ ಆಗಿರುವ ಹುಡುಗ. ಸಂಜೆ ಒಂದು ಗಂಟೆಯಾದರೂ ಬೇರೆ ಏನೋ ಆಗಲಿ ಬಿಡಿ, ಅಲ್ವಾ?

ಇದಕ್ಕೆ ನಮ್ಮೂರಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಮೈಸೂರಿನ ಜೈಲಿನ ಕೈದಿಗಳಿಂದ ನಾಟಕ ಮಾಡಿಸಿದ್ದು ನಿಮಗೂ ಗೊತ್ತಿರಬಹುದು. ಅವರಿಂದ ಜೈಲಿನ ಕಥೆ ಹೇಳಿಸಿ ಜನರನ್ನು ಅಳಿಸುವುದು ಸುಲಭ ಇತ್ತು. ಆದರೆ ಅವರು ಶೇಕ್ಸ್‌ಪಿಯರ್‌ನಂಥವರ ನಾಟಕವನ್ನೇ ಕೈಗೆತ್ತಿಕೊಂಡರು. ಕೈದಿಗಳು ರಾಜರಾದರು, ಸೇನಾಪತಿಗಳಾದರು, ಜೈಲಿನ ಗೋಡೆ ದಾಟಿ ಹೊರಗಿನ ರಂಗಮಂದಿರಗಳಲ್ಲಿ ಬಂದು ಆಡಿದರು. ನೋಡುವವರು ನಟನೆ ಬಗ್ಗೆ ಮಾತಾಡಲೇಬೇಕಾಯಿತು. ಚೆನ್ನಾಗಿ ಮಾಡಿದ, ಇಲ್ಲಿ ಸ್ವಲ್ಪ ಎಳೆದ, ಧ್ವನಿ ಸಾಲದು ಅಂತ. ಒಬ್ಬ ಮನುಷ್ಯನ ಕೆಲಸವನ್ನು ಹೀಗೆ ತೂಗಿ ನೋಡುವುದು ಅವನ ಮೇಲೆ ಕನಿಕರ ಪಡುವುದಕ್ಕಿಂತ ದೊಡ್ಡ ಮರ್ಯಾದೆ ಅಂತ ನನ್ನ ಎಣಿಕೆ.

ಅದಕ್ಕೇ ನಿಮ್ಮ ಮಕ್ಕಳಿಗೆ ದೆವ್ವದ ಕಥೆ ಮಾಡಿಸಿ. ತಮಾಷೆಗೆ ಹೇಳುತ್ತಿಲ್ಲ. ದೆವ್ವ ಇಲ್ಲದ ಊರು ಯಾವುದಿದೆ? ಉತ್ತರ ಪ್ರದೇಶದ ಮಕ್ಕಳ ಹತ್ತಿರ ಒಂದು ಇರುತ್ತದೆ, ಬಳ್ಳಾರಿಯವರ ಹತ್ತಿರ ಇನ್ನೊಂದು, ನಿಮ್ಮೂರ ಹುಣಸೆ ಮರದಲ್ಲಂತೂ ಇದ್ದೇ ಇರುತ್ತದೆ. ಯಾರ ದೆವ್ವ ಜಾಸ್ತಿ ಭಯಂಕರ ಅಂತ ಜಗಳ ಬೀಳಲಿ. ಆ ಜಗಳವೇ ನಿಮ್ಮ ಕಥೆ. ಕಥೆಯಲ್ಲಿ ಏನು ಉಳಿಯಬೇಕು, ಏನು ಬಿಡಬೇಕು ಅನ್ನುವುದನ್ನು ಮಕ್ಕಳೇ ಹೇಳಬೇಕು. ನೀವು ಬಾಯಿಗೆ ಬೀಗ ಹಾಕಿಕೊಂಡು ಕೂರಿ, ಹೇಗೂ ಬೀಗದ ಕೈ ನಿಮ್ಮ ಹತ್ತಿರವೇ ಇದೆ.

ಮೊದಲ ಒಂದೆರಡು ದಿನ ಮಾತೇ ಬೇಡ. ಬರೀ ಶಬ್ದ. ಬಿ.ವಿ. ಕಾರಂತರು, 1989ರಲ್ಲಿ ಶುರುವಾದ ರಂಗಾಯಣದ ಮೊದಲ ನಿರ್ದೇಶಕರು, ಕೈಗೆ ಸಿಕ್ಕಿದ್ದರಿಂದಲೇ ಸಂಗೀತ ತೆಗೆಯುವುದರಲ್ಲಿ ಎತ್ತಿದ ಕೈ. ಕಲ್ಲು, ಕರಟ, ಕಾಗದ, ಏನಾದರೂ ಸರಿ. ನಿಮ್ಮ ಮಕ್ಕಳೂ ಹಾಗೇ ಹುಡುಕಲಿ. ಗಾಣದ ಸದ್ದು ಹೇಗೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಸದ್ದು ಹೇಗೆ ಅಂತ ಕೇಳಿದರೆ ಯಾರು ಮುಂದೆ ಬರುತ್ತಾರೆ ನೋಡಿ. ಬರದಿದ್ದರೆ ಒತ್ತಾಯ ಬೇಡ.

ಭಾಷೆ ಮತ್ತು ಊರು ಬಿಡುವ ಮಕ್ಕಳು, ಈ ಎರಡಕ್ಕೂ ಒಂದೇ ಮದ್ದು ಇದೆ. ನಮ್ಮ ಮೂಡಲಪಾಯ ಯಕ್ಷಗಾನದ ಭಾಗವತರು ಕಥೆ ನಡೆಸಿಕೊಂಡು ಹೋಗುತ್ತಾರಲ್ಲ, ಆ ಥರ ಒಂದು ಮೇಳ ಮಾಡಿ. ಏಳೆಂಟು ಮಕ್ಕಳು ಪಕ್ಕದಲ್ಲಿ ನಿಂತು ಕಥೆ ಹೇಳುತ್ತಾರೆ, ಹಾಡುತ್ತಾರೆ. ಪಾತ್ರ ಮಾಡುವವರು ಅವರವರ ಭಾಷೆಯಲ್ಲೇ ಬೈದಾಡಲಿ. ಮೇಳ ಅದನ್ನು ಕನ್ನಡದಲ್ಲಿ ಎತ್ತಿಕೊಂಡು ತಮಾಷೆ ಮಾಡುತ್ತದೆ. ಇಡೀ ನಾಟಕ ಒಬ್ಬರ ತಲೆ ಮೇಲೆ ನಿಲ್ಲಬಾರದು. ಕಬ್ಬು ಕಡಿಯುವವರ ಮಗಳು ನಾಳೆ ಹೋದರೆ ಆ ಜಾಗಕ್ಕೆ ಮೇಳದಿಂದ ಒಬ್ಬರು ಬರುತ್ತಾರೆ. ಅವಳು ಕೊಟ್ಟ ದೆವ್ವ ಮಾತ್ರ ನಾಟಕದಲ್ಲೇ ಉಳಿಯುತ್ತದೆ.

ಮುಖವಾಡ ಮಾಡಿಸಿ, ಖರ್ಚು ಕಮ್ಮಿ. ಬಲೂನಿನ ಮೇಲೆ ಹಳೇ ಪೇಪರು ಚೂರು ಮಾಡಿ ಮೈದಾ ಅಂಟಿನಲ್ಲಿ ಮೂರ್ನಾಲ್ಕು ಪದರ ಅಂಟಿಸಿ ಬಿಸಿಲಿಗಿಟ್ಟರೆ ಗಟ್ಟಿಯಾಗುತ್ತದೆ. ಒಂದು ಮುಖವಾಡಕ್ಕೆ ಇಬ್ಬರು, ಒಬ್ಬರು ಹಿಡಿಯಬೇಕು, ಒಬ್ಬರು ಅಂಟಿಸಬೇಕು. ಯಾರಿಗೆ ಯಾರು ಜೋಡಿ ಅನ್ನುವುದಕ್ಕೆ ಚೀಟಿ ಎತ್ತಿಸಿ. ಮಾಡಿದವರೇ ಹಾಕಿಕೊಳ್ಳಬೇಕು ಅಂತಿಲ್ಲ, ಅದಕ್ಕೂ ಚೀಟಿ. ಅಂಟು ಮೆತ್ತಿದ ಕೈಯಲ್ಲಿ ಯಾರ ಕೈ ಯಾರದು ಅಂತ ಮಕ್ಕಳು ನೋಡುವುದಿಲ್ಲ. ತಾಯಂದಿರು ನೋಡುತ್ತಾರೆ, ನಿಜ. ಅವರ ಜೊತೆ ವಾದಕ್ಕೆ ಹೋಗಬೇಡಿ. "ಚೀಟಿಯಲ್ಲಿ ಬಂದಿದ್ದು ಕಣಮ್ಮ" ಅನ್ನಿ. ಹಬ್ಬದ ಸೀರೆ ಚೀಟಿ ಒಪ್ಪುವವರು ಇದನ್ನೂ ಒಪ್ಪುತ್ತಾರೆ.

ಬೆಂಚಿನ ವಿಷಯ ಬೇರೆಯೇ. ಬ್ರೆಜಿಲಿನ ಅಗಸ್ಟೋ ಬೋಲ್ 1970ರ ದಶಕದಲ್ಲಿ ಒಂದು ಪದ್ಧತಿ ಬೆಳೆಸಿದರು. ಅನ್ಯಾಯ ನಡೆಯುವ ಚಿಕ್ಕ ದೃಶ್ಯ ಆಡುತ್ತಾರೆ. ಎರಡನೇ ಸಲ ಆಡುವಾಗ ನೋಡುವವರು ಯಾರು ಬೇಕಾದರೂ "ನಿಲ್ಲಿಸಿ" ಅಂದು, ಎದ್ದು ಬಂದು, ಪಾತ್ರದ ಜಾಗದಲ್ಲಿ ನಿಂತು ಬೇರೆ ಥರ ಮಾಡಿ ತೋರಿಸಬಹುದು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, 1985ರಲ್ಲಿ ಶುರುವಾದ ಜನಸಂಸ್ಕೃತಿ ಅನ್ನುವ ತಂಡ ಬಹಳ ವರ್ಷಗಳಿಂದ ಇದನ್ನು ಮಾಡಿಕೊಂಡು ಬಂದಿದೆ. ಶಿಬಿರದ ಕೊನೆ ಕೊನೆಗೆ, ಮಕ್ಕಳ ನಡುವೆ ಸಲಿಗೆ ಬಂದ ಮೇಲೆ, ಬೆಂಚನ್ನೇ ಇಟ್ಟುಕೊಂಡು ಐದು ನಿಮಿಷದ್ದು ಮಾಡಿ. ಒಂದೇ ಷರತ್ತು. ಅವಮಾನ ಆಗುವ ಮಗುವಿನ ಪಾತ್ರವನ್ನು ನಿಜವಾಗಿ ಅವಮಾನ ಆದ ಮಗುವಿನಿಂದ ಮಾಡಿಸಬೇಡಿ. ಊರಿನ ಗೌಡರ ಮಗ ಕೂರಲಿ ಆ ಬೆಂಚಿನಲ್ಲಿ.

ಕೊನೆಗೆ ಪ್ರದರ್ಶನ ಎಲ್ಲಿ ಅನ್ನುವುದು. ಬರೀ ಚಾವಡಿ ಮುಂದೆ ಮಾಡಿದರೆ ಆಲೆಮನೆಯವರು ಬರುವುದಿಲ್ಲ, ಅವರಿಗೆ ಆ ಹೊತ್ತು ಕೆಲಸ ಇರುತ್ತದೆ. ಒಂದು ಸಂಜೆ ಕಾಲೋನಿಯಲ್ಲಿ, ಒಂದು ಸಂಜೆ ಆಲೆಮನೆ ಪಕ್ಕದ ಬಯಲಲ್ಲಿ, ಆಮೇಲೆ ಚಾವಡಿ. ಒಲೆ ಉರಿಯದ ದಿನ ನೋಡಿ ಮಾಡಿ. ಗಾಣದ ಹತ್ತಿರ, ಕೊಪ್ಪರಿಗೆ ಹತ್ತಿರ ಮಕ್ಕಳನ್ನು ಬಿಡಲೇಬೇಡಿ.

ಕುವೆಂಪುನಗರದ ಅಮ್ಮ:

ನನ್ನ ಮಗನಿಗೆ ಕಿವಿ ಕೇಳುವುದಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಓಡಾಡಿಕೊಂಡೇ ಅವನನ್ನು ಬೆಳೆಸಿದ್ದು. ನೇಪಥ್ಯದ ಅಕ್ಕನ ಮಾತು ಬಹಳ ಹಿಡಿಸಿತು, ಆದರೆ ಒಂದು ತಿದ್ದುಪಡಿ. ಪೂರ್ತಿ ಮುಖವಾಡ ಬೇಡ. ಆ ಹುಡುಗಿ ಮಿಷನ್ ಹಾಕಿಕೊಂಡಿದ್ದರೂ ಅರ್ಧ ಮಾತನ್ನು ತುಟಿ ನೋಡಿಯೇ ಹಿಡಿಯುತ್ತಾಳೆ. ಬಾಯಿ ಮುಚ್ಚಿದರೆ ಅವಳಿಗೆ ಎಲ್ಲರೂ ಮರಗಳೇ. ಮೂಗಿನ ತನಕ ಬರುವ ಅರ್ಧ ಮುಖವಾಡ ಮಾಡಿಸಿ.

ಬೀಗದಕೈ ಮೇಡಂ, ಕಿಟಕಿಗೆ ಬೆನ್ನು ಮಾಡಿ ನಿಂತು ಮಾತಾಡಬೇಡಿ, ಮುಖದ ಮೇಲೆ ನೆರಳು ಬೀಳುತ್ತದೆ. ಮಕ್ಕಳನ್ನು ಅರ್ಧಚಂದ್ರದ ಹಾಗೆ ಕೂರಿಸಿದರೆ ಅವಳಿಗೆ ಎಲ್ಲರ ಮುಖ ಕಾಣುತ್ತದೆ. ಮಾತಾಡುವವರು ಮೊದಲು ಕೈ ಎತ್ತಬೇಕು ಅಂತ ನಿಯಮ ಮಾಡಿ. ಕನ್ನಡ ಬಾರದ ಮಕ್ಕಳಿಗೂ ಇದರಿಂದ ಉಪಕಾರ, ಏಕೆಂದರೆ ಎಲ್ಲರೂ ಒಟ್ಟಿಗೆ ಕೂಗಿದರೆ ಅವರಿಗೂ ಏನೂ ತಿಳಿಯುವುದಿಲ್ಲ. ರೂಮಿನೊಳಗೆ ಜೋರಾಗಿ ತಮಟೆ ಬಾರಿಸಬೇಡಿ, ಮಿಷನ್ ಅದನ್ನೂ ದೊಡ್ಡದು ಮಾಡಿ ಕಿವಿಗೆ ತುಂಬುತ್ತದೆ. ಬಯಲಲ್ಲಿ ಬಾರಿಸಿ. ಅವಳ ಕೈಗೆ ಊದಿದ ಬಲೂನು ಕೊಡಿ, ತಾಳ ಬೆರಳಿಗೆ ಸಿಗುತ್ತದೆ.

ಅವಳಿಗೆ ಗೊತ್ತಿರುವ ಸನ್ನೆಗಳನ್ನು ಎಲ್ಲ ಮಕ್ಕಳಿಗೂ ಅವಳೇ ಕಲಿಸಲಿ. ಹಿಂದಿ, ಕನ್ನಡ, ಉರ್ದು ಬೆರೆತಿರುವ ಕಡೆ ಸನ್ನೆ ಎಲ್ಲರಿಗೂ ಕೆಲಸಕ್ಕೆ ಬರುತ್ತದೆ. ನನ್ನ ಮಗನ ಸ್ಕೂಲಿನ ಹುಡುಗರು ಪರೀಕ್ಷೆ ಹಾಲಿನಲ್ಲೂ ಅದನ್ನು ಉಪಯೋಗಿಸಿಬಿಟ್ಟರು, ಆ ಕಥೆ ಬೇರೆ.

ಮಳವಳ್ಳಿ ಹೈದ:

ತಮಟೆ ಮಾತು ಬಂತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ತಾತ ನೀಲಗಾರರು, ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡುತ್ತಿದ್ದವರು. ನಮ್ಮ ಚಿಕ್ಕಪ್ಪ ತಮಟೆ. ಇಂಥ ಶಿಬಿರಗಳಲ್ಲಿ ಏನಾಗುತ್ತದೆ ಅಂದರೆ, ಎಲ್ಲರನ್ನೂ ಸೇರಿಸಿಕೊಳ್ಳುವ ಹೆಸರಲ್ಲಿ ಕಾಲೋನಿ ಹುಡುಗರ ಕೈಗೆ ತಮಟೆ ಕೊಡುತ್ತಾರೆ. ಡೈಲಾಗು ಬೇರೆಯವರಿಗೆ. ಊರಿನ ಮೆರವಣಿಗೆಯಲ್ಲಿ ಇದ್ದದ್ದೇ ಅಲ್ವಾ ಇದು? ಬಾರಿಸುವವರು ನಾವು, ಕುಣಿಯುವವರು ಅವರು.

ತಮಟೆ ಕಲಿಸಿದರೆ ಎಲ್ಲರಿಗೂ ಕಲಿಸಿ. ಗೌಡರ ಮಕ್ಕಳು, ಸಾಬರ ಮಕ್ಕಳು, ಹುಡುಗಿಯರು, ಎಲ್ಲರೂ ಚರ್ಮ ಮುಟ್ಟಲಿ. ಪ್ಲಾಸ್ಟಿಕ್ ತಮಟೆ ಬೇಡ, ಚರ್ಮದ್ದೇ ತರಿಸಿ. ಅದನ್ನು ಬೆಂಕಿಗೆ ಕಾಯಿಸಬೇಕು, ಆಗಲೇ ನಾದ ಏರುವುದು. ಕಾಯಿಸುವ ಹೊತ್ತಿಗೆ ಮಕ್ಕಳೆಲ್ಲ ತಾವಾಗೇ ಸುತ್ತ ಬಂದು ಕೂರುತ್ತಾರೆ. ಕಲಿಸಲು ಬರುವವರಿಗೆ ಶಾಲು ಹಾಕಿ ಕಳಿಸಬೇಡಿ, ಸಂಭಾವನೆ ಕೊಡಿ. ದುಡ್ಡು ಕಮ್ಮಿ ಇದ್ದರೆ ಮುಂಚೆಯೇ ಹೇಳಿ, ಬಸ್ ಚಾರ್ಜಾದರೂ ಕೈಗಿಡಿ.

ಇನ್ನು ಊಟ. ಮೊದಲ ದಿನದಿಂದ ಒಟ್ಟಿಗೆ ತಿನ್ನಿಸಿ, ಕೊನೆ ದಿನಕ್ಕೆ ಇಡಬೇಡಿ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆ ನಮ್ಮ ಕಡೆಯವರಿಗೆ ಯಾರಿಗೆ ಗೊತ್ತಿಲ್ಲ? ಸಿದ್ದಪ್ಪಾಜಿ ಹೆಸರಲ್ಲಿ ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದು. ಆ ತಾಯಂದಿರಲ್ಲಿ ಎಷ್ಟೋ ಜನ ಒಕ್ಕಲು ಅಂತ ಆ ಜಾತ್ರೆಗೆ ಹೋಗುವವರೇ ಇರುತ್ತಾರೆ. ವಿಚಾರಿಸಿ ನೋಡಿ. ಅಲ್ಲಿ ಕೂರುವವರಿಗೆ ಇಲ್ಲೇನು ತೊಂದರೆ ಅಂತ ಅವರೇ ಹೇಳಲಿ.

ಲೆಕ್ಕದ ಮೇಷ್ಟ್ರು (ಮಂಡ್ಯ):

ಯಾರಿಗೂ ಬೇಸರ ಬೇಡ. ನಾಲ್ಕು ದಿನ ಕುಣಿದರೆ ಜಾತಿ ಹೋಗುತ್ತಾ? ಆ ಆಲೆಮನೆ ಮಕ್ಕಳು ಶಾಲೆಗೇ ಸೇರಿಲ್ಲ ಅನಿಸುತ್ತೆ. ಮೊದಲು ಅದನ್ನು ನೋಡಿ. ದೆವ್ವದ ನಾಟಕ ಆಮೇಲೆ.

ನೇಪಥ್ಯದವಳು (ಮೈಸೂರು):

ಮೇಷ್ಟ್ರೇ, ಜಾತಿ ಹೋಗುತ್ತದೆ ಅಂತ ನಾನೆಲ್ಲಿ ಹೇಳಿದೆ? ಬೆಂಚಿನ ಬಗ್ಗೆ ಮಾತಾಡುತ್ತಿದ್ದೇವೆ. ಆದರೆ ಶಾಲೆ ವಿಷಯದಲ್ಲಿ ನೀವು ಹೇಳಿದ್ದು ಸರಿ, ಎರಡೂ ಒಟ್ಟಿಗೇ ಆಗಬಹುದು. ಕಿಟಕಿ ತನಕ ಬಂದು ಓಡುವ ಮಗು ಹೆಡ್‌ಮಾಸ್ಟರ ಹತ್ತಿರ ಹೋಗುತ್ತದಾ? ಗಾಣದ ಸದ್ದು ಮಾಡಲು ಒಳಗೆ ಬಂದ ಮಗುವನ್ನು ಕೈ ಹಿಡಿದು ಕರೆದುಕೊಂಡು ಹೋಗಬಹುದು. ಶಿಬಿರದ ಹಾಜರಿ ಪುಸ್ತಕದಲ್ಲಿ ಹೆಸರು, ವಯಸ್ಸು, ಹಿಂದೆ ಓದಿದ್ದರೆ ಯಾವ ಕ್ಲಾಸು ಅಂತ ಬರೆದಿಡಿ ಅಕ್ಕ.

ಲೆಕ್ಕದ ಮೇಷ್ಟ್ರು (ಮಂಡ್ಯ):

ಹಾಗಾದರೆ ಇದನ್ನೂ ಬರೆದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ಕ್ಲಾಸಿನಲ್ಲಿ ಸೇರುವ ಹಕ್ಕಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಟಿ.ಸಿ. ಬಂದಿಲ್ಲ ಅಂತ ತಡ ಮಾಡುವ ಹಾಗೂ ಇಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಲೇಬೇಕು. ಆಗಲ್ಲ ಅಂದರೆ ಬಿ.ಇ.ಓ. ಆಫೀಸಿಗೆ ಬರಹದಲ್ಲಿ ಕೊಡಿ. ಬಾಯಿ ಮಾತಿನಲ್ಲಿ ಹೇಳಿದರೆ ಯಾವುದೂ ನಡೆಯುವುದಿಲ್ಲ. ದೆವ್ವ ಚೆನ್ನಾಗಿ ಮಾಡಿಸಿ!

ಬೀಗದಕೈ ಅಕ್ಕ (ಪಾಂಡವಪುರ ತಾಲ್ಲೂಕು):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಸುಮ್ನೆ ಪರೀಕ್ಷೆ ಮಾಡೋಣ ಅಂತ ಮಕ್ಕಳ ಮುಂದೆ "ನಮ್ಮೂರ ದೆವ್ವಕ್ಕೆ ಏನು ಹೆಸರು?" ಅಂತ ಕೇಳಿದೆ. ಲೈಬ್ರರಿ ಮುಚ್ಚುವ ತನಕ ನಿಲ್ಲಲಿಲ್ಲ. ಮುಸ್ಲಿಮರ ಬೀದಿಯ ಹುಡುಗಿಯೊಬ್ಬಳು ಅವರ ನಾನಿ ಹೇಳಿದ ಜಿನ್ನಿನ ಕಥೆ ಶುರು ಮಾಡಿದಳು. ನಮ್ಮ ಹುಡುಗರು ಜಿನ್ನಿಗೂ ದೆವ್ವಕ್ಕೂ ಕುಸ್ತಿ ಇಟ್ಟರೆ ಯಾರು ಗೆಲ್ಲುತ್ತಾರೆ ಅಂತ ಎರಡು ಪಾರ್ಟಿ ಆದರು. ಎರಡೂ ಪಾರ್ಟಿಯಲ್ಲಿ ಎಲ್ಲ ಬೀದಿಯವರೂ ಇದ್ದರು.

ಅರ್ಧ ಮುಖವಾಡ, ಚೀಟಿ, ಮೊದಲ ದಿನದಿಂದ ಊಟ, ಇಷ್ಟು ಗಟ್ಟಿ. ಊಟಕ್ಕೆ ಶಾಲೆಯ ಅಡುಗೆಯವರನ್ನು ಕೇಳಿದ್ದೇನೆ, ಅಳತೆಗೆ ಅಕ್ಕಿ ಬೇಳೆ ಕೊಟ್ಟರೆ ಮಾಡಿಕೊಡುತ್ತೇನೆ ಅಂದಿದ್ದಾರೆ. ತಾಯಂದಿರಲ್ಲಿ ಇಬ್ಬರು ಚಿಕ್ಕಲ್ಲೂರಿನ ಒಕ್ಕಲೇ. ಒಬ್ಬರು ನಕ್ಕು ಹೋದರು, ಇನ್ನೊಬ್ಬರು ಮುಖ ಗಂಟು ಹಾಕಿಕೊಂಡಿದ್ದಾರೆ. ಮಗನನ್ನು ಕಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಆಲೆಮನೆ ಮಾಲೀಕರು ಬಯಲು ಕೊಡಲು ಒಪ್ಪಿದ್ದಾರೆ. ಬೆಂಚಿನ ದೃಶ್ಯಕ್ಕೆ ಮಾತ್ರ ನನಗಿನ್ನೂ ಧೈರ್ಯ ಬಂದಿಲ್ಲ, ಮಕ್ಕಳು ಹೇಗಿರುತ್ತಾರೆ ಅಂತ ನೋಡಿ ತೀರ್ಮಾನ ಮಾಡುತ್ತೇನೆ.

ನೇಪಥ್ಯದ ಅಕ್ಕ, ಮೈದಾ ಅಂಟಿನ ಅಳತೆ ಹೇಳಿ. ಇಲ್ಲಿ ಇರುವೆ ಕಾಟ ಜಾಸ್ತಿ.

ನೇಪಥ್ಯದವಳು (ಮೈಸೂರು):

ಒಂದು ಲೋಟ ಮೈದಾಗೆ ನಾಲ್ಕು ಲೋಟ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಗಂಜಿ ಹದಕ್ಕೆ ಬಂದರೆ ಇಳಿಸಿ, ಪೂರ್ತಿ ಆರಿದ ಮೇಲೆ ಮಕ್ಕಳ ಕೈಗೆ ಕೊಡಿ. ಒಂದು ಹಿಡಿ ಉಪ್ಪು ಹಾಕಿದರೆ ಬೇಗ ಬೂಸಲು ಬರುವುದಿಲ್ಲ. ಮೈಲುತುತ್ತ ಹಾಕಿ ಅಂತ ಯಾರಾದರೂ ಹೇಳುತ್ತಾರೆ, ಹಾಕಬೇಡಿ, ಮಕ್ಕಳು ಬಾಯಿಗೆ ಕೈ ಇಡುತ್ತಾರೆ. ಇರುವೆಗೆ, ಒಣಗಿಸುವ ಹಲಗೆಯ ಕಾಲನ್ನು ನೀರಿನ ಬಟ್ಟಲಲ್ಲಿ ಇಡಿ. ಮೂಗಿನ ಕೆಳಗೆ ಕತ್ತರಿಸುವುದು ಪೂರ್ತಿ ಒಣಗಿದ ಮೇಲೆ, ಹಸಿ ಇದ್ದಾಗ ಕತ್ತರಿ ಹಾಕಿದರೆ ಕುಸಿದುಬಿಡುತ್ತದೆ.